ಆಗಸ್ಟ್ ಪ್ರಾಕ್ಟೀಸ್, 105 ಹೆಸರು ಮತ್ತು ನಿಮ್ಮ ಮಗ

ಪ್ರಶ್ನೆ: ನಾವು ಬಳ್ಳಾರಿಯವರು. 19 ವರ್ಷಗಳಿಂದ ಜಾರ್ಜಿಯಾದ ಆಲ್ಫರೆಟಾದಲ್ಲಿ ಇದ್ದೇವೆ. ಮಗ ದಕ್ಷಿಣದ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಈಗ ಮೂರನೇ ವರ್ಷ. 2024ರಿಂದ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ವಾಕ್-ಆನ್, ಅಂದರೆ ಸ್ಕಾಲರ್‌ಶಿಪ್ ಇಲ್ಲದೆ ಆಡುವವನು. ಲಾಂಗ್ ಸ್ನ್ಯಾಪರ್, ಅಂದರೆ ಒದೆಯುವವನಿಗೆ ಚೆಂಡನ್ನು ಹಿಂದಕ್ಕೆ ಎಸೆದುಕೊಡುವುದು, ಅವನ ಜಾಗ. ಈ ಬೇಸಿಗೆ ಇಂಟರ್ನ್‌ಶಿಪ್ ಇದ್ದದ್ದರಿಂದ ತಂಡದ ಜೊತೆ ಇರಲಿಲ್ಲ, ಸಂಜೆ ಜಿಮ್‌ಗೆ ಹೋಗುತ್ತಿದ್ದ. ಆಗಸ್ಟ್ ಪ್ರಾಕ್ಟೀಸ್ ಶುರುವಾಗಿ ನಾಲ್ಕು ದಿನವಾಯಿತು. ಜನವರಿಯಲ್ಲಿ ಬೇರೆ ಕಾಲೇಜಿನಿಂದ ಇನ್ನೊಬ್ಬ ಸ್ನ್ಯಾಪರ್ ಬಂದಿದ್ದಾನೆ. ಮಗನ ನಂಬರನ್ನೇ ಹೊಸ ಹುಡುಗನೊಬ್ಬನಿಗೂ ಕೊಟ್ಟಿದ್ದಾರೆ. 105 ಜನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲವಂತೆ. ದಿನಾ ಯಾರೋ ಮಿಂಚಿದರು ಎಂಬ ಸುದ್ದಿ ಓದುತ್ತೇವೆ, ಅವನ ಹೆಸರು ಎಲ್ಲೂ ಇರುವುದಿಲ್ಲ. ಅವನನ್ನು ತೆಗೆದುಬಿಡುತ್ತಾರಾ? ಬಿಸಿಲಿನ ಬಗ್ಗೆ ನನ್ನ ಹೆಂಡತಿಗೆ ತುಂಬ ಭಯ. ನಮ್ಮದು ಬಳ್ಳಾರಿ, ಬಿಸಿಲು ನಮಗೆ ಹೊಸದಲ್ಲ ಎಂದು ನಾನು ಸಮಾಧಾನ ಹೇಳುತ್ತಿದ್ದೇನೆ. ಈಗ ನಾವು ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಮನೆಯವರ ಭಯದ ವಿಷಯ. ಇದರಲ್ಲಿ ಅವರ ಮಾತೇ ಸರಿ. ರಾಸ್ಟರ್, ಅಂದರೆ ತಂಡದ ಹೆಸರು ಪಟ್ಟಿಯ ಪ್ರಶ್ನೆಗೆ ಇನ್ನೂ ಮೂರು ವಾರ ಇದೆ. ಬಿಸಿಲಿನ ಪ್ರಶ್ನೆ ಇವತ್ತಿನದು.

ಕಾಲೇಜು ತಂಡಗಳ ಅಥ್ಲೆಟಿಕ್ ಟ್ರೈನರ್, ಅಂದರೆ ಆಟಗಾರರ ಆರೋಗ್ಯ ನೋಡಿಕೊಳ್ಳುವವನು ಆಗಿ ನಾನು 22 ಆಗಸ್ಟ್ ತಿಂಗಳುಗಳನ್ನು ಮೈದಾನದ ಅಂಚಿನಲ್ಲಿ ಕಳೆದಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ, "ನಮ್ಮದು ಬಳ್ಳಾರಿ" ಎಂಬ ಮಾತನ್ನು ದಯವಿಟ್ಟು ಮಗನಿಗೆ ಹೇಳಬೇಡಿ. ಬಿಸಿಲು ತಡೆಯುವ ಶಕ್ತಿ ಅಪ್ಪನಿಂದ ಮಗನಿಗೆ ಬರುವುದಿಲ್ಲ. ದೇಹ ಅದನ್ನು ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಕಲಿಯಬೇಕು. ಕಲಿಯಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಆ ದಿನಗಳಲ್ಲಿ ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ. ಬೆವರು ಬೇಗ ಬರುತ್ತದೆ, ಬೆವರಿನ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಮೊದಲ ದಿನ ಎದೆ ಬಡಿದುಕೊಂಡಷ್ಟು ಹತ್ತನೇ ದಿನ ಬಡಿದುಕೊಳ್ಳುವುದಿಲ್ಲ. ಆದರೆ ಕೆಲವು ವಾರ ಎಸಿಯಲ್ಲಿ ಕೂತರೆ ಇಷ್ಟೂ ಹೋಗಿಬಿಡುತ್ತದೆ. ನಿಮ್ಮ ಮಗ ಜೂನ್, ಜುಲೈ ಎರಡೂ ತಿಂಗಳು ಹಗಲಲ್ಲಿ ಆಫೀಸಿನಲ್ಲಿದ್ದ, ಸಂಜೆ ಜಿಮ್‌ನಲ್ಲಿದ್ದ. ಎರಡು ಕಡೆಯೂ ಎಸಿ ಇರುತ್ತದೆ, ಅಲ್ವಾ? ಅವನ ಸ್ನಾಯುಗಳು ತಯಾರಾಗಿರಬಹುದು. ಅವನ ದೇಹ ಬಿಸಿಲಿಗೆ ತಯಾರಾಗಿಲ್ಲ. ತಂಡದ ಜೊತೆ ಬೇಸಿಗೆ ಪೂರ್ತಿ ಹೊರಗೆ ಓಡಿದ ಹುಡುಗರಿಗಿಂತ ಅವನು ಹಿಂದೆ ಇದ್ದಾನೆ.

ಇನ್ನೊಂದು ವಿಷಯ. ಬಳ್ಳಾರಿಯದು ಒಣ ಬಿಸಿಲು. ಅಲ್ಲಿ ಬೆವರು ಬಂದ ಕೂಡಲೇ ಆರುತ್ತದೆ, ಆರುವಾಗ ಮೈ ತಣ್ಣಗಾಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಆಗಸ್ಟ್ ಮೇ ತಿಂಗಳ ಮಂಗಳೂರಿನ ಹಾಗೆ. ಬೆವರು ಇಳಿಯುತ್ತದೆ, ಆರುವುದಿಲ್ಲ. ಅದರ ಮೇಲೆ ಹೆಲ್ಮೆಟ್, ಭುಜದ ಪ್ಯಾಡ್, ದಪ್ಪ ಬಟ್ಟೆ. ಅದಕ್ಕೇ ನಾವು ಬರೀ ಉಷ್ಣತೆ ನೋಡುವುದಿಲ್ಲ. ಬಿಸಿಲು, ಗಾಳಿ, ತೇವ ಮೂರನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ಗ್ಲೋಬ್ ಮೀಟರನ್ನು ಮೈದಾನದಲ್ಲೇ ಇಡುತ್ತೇವೆ. ಮಗ ಜಾರ್ಜಿಯಾದ ಹೈಸ್ಕೂಲಿನಲ್ಲಿ ಆಡಿದ್ದರೆ ಅವನಿಗೆ ಇದು ಗೊತ್ತಿರುತ್ತದೆ. ಬಿಸಿಲಿಗೆ ಹುಡುಗರು ಸತ್ತ ಮೇಲೆ ಆ ರಾಜ್ಯದ ಹೈಸ್ಕೂಲುಗಳು 2012ರಲ್ಲಿ ನಿಯಮ ಬಿಗಿ ಮಾಡಿದವು. ಆ ಮೀಟರ್ 92 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹೊರಗೆ ಪ್ರಾಕ್ಟೀಸೇ ಇಲ್ಲ.

ಜಾರ್ಡನ್ ಮೆಕ್‌ನೇರ್ ಹೆಸರು ನೀವು ಕೇಳಿರಬಹುದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡದಲ್ಲಿದ್ದ, 19 ವರ್ಷ. 2018ರ ಮೇ 29ರಂದು ತಂಡದ ಓಟದ ಅಭ್ಯಾಸದಲ್ಲಿ ಕುಸಿದ. ಜೂನ್ 13ರಂದು ತೀರಿಕೊಂಡ. ಆಮೇಲೆ ನಡೆದ ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ಅವನನ್ನು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಲಿಲ್ಲ. ಬಿಸಿಲಿನ ಹೊಡೆತಕ್ಕೆ ಮೈ ಒಳಗಿನ ಶಾಖ 104 ಡಿಗ್ರಿ ದಾಟಿದಾಗ ಮಾಡಬೇಕಾದ ಮೊದಲ ಕೆಲಸವೇ ಅದು. ಮೊದಲು ತಣ್ಣಗೆ ಮಾಡಬೇಕು, ಆಮೇಲೆ ಆಂಬುಲೆನ್ಸ್ ಹತ್ತಿಸಬೇಕು. ಕುಸಿದ ಅರ್ಧ ಗಂಟೆಯೊಳಗೆ ಮೈ ಶಾಖ ಇಳಿಸಿದರೆ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಈ ಒಂದು ಮಾತಿಗಾಗಿ ನಾನು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಮಗನಿಗೆ ಇವತ್ತೇ ಒಂದು ಪ್ರಶ್ನೆ ಕೇಳಿ: ಪ್ರಾಕ್ಟೀಸ್ ಮೈದಾನದ ಪಕ್ಕದಲ್ಲಿ ಐಸ್ ಹಾಕಿದ ನೀರಿನ ತೊಟ್ಟಿ ಇದೆಯಾ? ಅದು ಕಟ್ಟಡದ ಒಳಗೆ ಇದ್ದರೆ ಸಾಲದು. ಕಣ್ಣಿಗೆ ಕಾಣುವ ಹಾಗೆ ಹೊರಗೇ ಇರಬೇಕು. ದೊಡ್ಡ ತಂಡಗಳಲ್ಲಿ ಈಗ ಇದ್ದೇ ಇರುತ್ತದೆ, ಆದರೂ ಕೇಳಿ.

ನಿಮ್ಮ ಎರಡು ಪ್ರಶ್ನೆಗಳು, ಬಿಸಿಲು ಮತ್ತು ರಾಸ್ಟರ್, ಬೇರೆ ಬೇರೆ ಅಲ್ಲ. ಒಂದು ಘಟನೆ ಹೇಳಿದರೆ ಅರ್ಥವಾಗುತ್ತದೆ. ನಾನು ಕೆಲಸ ಮಾಡಿದ ಒಂದು ತಂಡದಲ್ಲಿ, ಮೂರನೇ ದಿನದ ಪ್ರಾಕ್ಟೀಸಿನಲ್ಲಿ, ಒಬ್ಬ ವಾಕ್-ಆನ್ ಹುಡುಗ ಸಾಲಿನಲ್ಲಿ ನಿಂತವನು ತನ್ನ ಹೆಸರು ಕರೆದರೂ ತಿರುಗಲಿಲ್ಲ. ನಾನು ಹತ್ತಿರ ಹೋದೆ. ಯಾವ ವಾರ ಅಂತ ಕೇಳಿದರೆ ಸುಮ್ನೆ ನನ್ನ ಮುಖ ನೋಡಿದ. ಐದು ನಿಮಿಷದಲ್ಲಿ ಅವನು ತೊಟ್ಟಿಯಲ್ಲಿದ್ದ. ಬದುಕಿದ, ಚೆನ್ನಾಗಿದ್ದಾನೆ. ಮರುದಿನ ಆಸ್ಪತ್ರೆಯಲ್ಲಿ ಹೇಳಿದ: ಹಿಂದಿನ ರಾತ್ರಿ ಇಡೀ ವಾಂತಿಯಾಗಿತ್ತು, ಬೆಳಿಗ್ಗೆ ಮೈ ಬಿಸಿ ಇತ್ತು. "ಹೇಳಿದರೆ ಆ ದಿನ ಆಡಿಸಲ್ಲ, ಒಂದು ದಿನ ತಪ್ಪಿದರೆ ನನ್ನ ಹೆಸರು ಹೋಗುತ್ತೆ ಅಂತ ಹೆದರಿದೆ" ಎಂದ. ಬೆಳಿಗ್ಗೆ ತೂಕ ನೋಡುವಾಗ ಅವನು ಎರಡು ಕಿಲೋ ಇಳಿದದ್ದು ನನ್ನ ಹಾಳೆಯಲ್ಲೇ ಇತ್ತು. ನಾನು ಓದಿರಲಿಲ್ಲ. ಅವತ್ತಿನಿಂದ ಆ ಹಾಳೆ ಓದದೆ ಯಾರನ್ನೂ ಮೈದಾನಕ್ಕೆ ಬಿಟ್ಟಿಲ್ಲ.

ಇದು ಹಳೆಯ ರೋಗ. 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡದ ಕೋಚ್ ಬೇರ್ ಬ್ರಯಾಂಟ್ ಹುಡುಗರನ್ನು ಜಂಕ್ಷನ್ ಎಂಬ ಸಣ್ಣ ಊರಿಗೆ ಕರೆದುಕೊಂಡು ಹೋದರು. ಬರಗಾಲದ ಬಿಸಿಲು, ಕುಡಿಯಲು ನೀರು ಕೊಡುತ್ತಿರಲಿಲ್ಲ. ಹತ್ತು ದಿನದಲ್ಲಿ ಸುಮಾರು 100 ಹುಡುಗರು 35ರ ಆಸುಪಾಸಿಗೆ ಇಳಿದರು. ರಾಸ್ಟರ್ ಕಡಿಮೆ ಮಾಡುವ ಕತ್ತರಿಯೇ ಬಿಸಿಲು. ಅದನ್ನು ಈಗಲೂ ಗಂಡಸುತನದ ಕತೆಯಾಗಿ ಹೇಳುವವರಿದ್ದಾರೆ. ಆ ವರ್ಷ ತಂಡ ಗೆದ್ದದ್ದು 1, ಸೋತದ್ದು 9. ನನಗಂತೂ ಅದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಕಾಣುವುದಿಲ್ಲ.

ಈಗಿನ ನಿಯಮ ತುಂಬಾ ಬೇರೆ. ಒಂದೇ ದಿನ ಎರಡು ಸಲ ಮೈಗೆ ಮೈ ತಾಗಿಸುವ ಪ್ರಾಕ್ಟೀಸ್ ಮಾಡಿಸುವುದನ್ನು ಕಾಲೇಜು ಕ್ರೀಡೆಗಳ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ 2017ರಲ್ಲಿ ನಿಲ್ಲಿಸಿತು. 2021ರಲ್ಲಿ ಇನ್ನೂ ಬಿಗಿ ಮಾಡಿತು. ಋತುವಿಗೆ ಮೊದಲು 25 ಪ್ರಾಕ್ಟೀಸ್, ಅದರಲ್ಲಿ ಪೂರ್ತಿ ಪ್ಯಾಡ್ ಹಾಕುವುದು 9ಕ್ಕೆ ಮಾತ್ರ. ಮೊದಲು ಇದು 21 ಇತ್ತು. ಪೂರ್ತಿ ಟ್ಯಾಕಲ್ ಮಾಡುವುದು, ಅಂದರೆ ಎದುರಿನವನನ್ನು ಹಿಡಿದು ಕೆಡವುವುದು, ಒಂದು ಪ್ರಾಕ್ಟೀಸಿನಲ್ಲಿ 75 ನಿಮಿಷ ದಾಟುವಂತಿಲ್ಲ. ಸ್ಕ್ರಿಮೇಜ್, ಅಂದರೆ ತಂಡದೊಳಗೇ ಆಡುವ ನಿಜವಾದ ಆಟ, ಎರಡೇ. ಈ ಬದಲಾವಣೆಗೆ ಕಾರಣ ತಲೆಪೆಟ್ಟು. ಆರು ಕಾಲೇಜುಗಳ ಆಟಗಾರರನ್ನು ಐದು ಋತು ಗಮನಿಸಿದ ಒಂದು ಅಧ್ಯಯನದಲ್ಲಿ 72% ತಲೆಪೆಟ್ಟು ಪಂದ್ಯದಲ್ಲಲ್ಲ, ಪ್ರಾಕ್ಟೀಸಿನಲ್ಲೇ ಆಗಿತ್ತು. ಸುಮಾರು ಅರ್ಧದಷ್ಟು ಈ ಆಗಸ್ಟ್ ದಿನಗಳಲ್ಲೇ ಆಗಿತ್ತು.

ಮೊದಲ ಏಳು ದಿನ ಮೈ ಒಗ್ಗಿಸಿಕೊಳ್ಳುವ ದಿನಗಳು. ಮೊದಲ ಎರಡು ದಿನ ಬರೀ ಹೆಲ್ಮೆಟ್. ಆಮೇಲೆ ಭುಜದ ಪ್ಯಾಡ್ ಸೇರುತ್ತದೆ. ಪೂರ್ತಿ ಪ್ಯಾಡ್ ವಾರದ ಕೊನೆಗೆ. ನಿಮ್ಮ ಮಗ ಈಗ ಈ ನಡುವಿನ ದಿನಗಳಲ್ಲಿದ್ದಾನೆ.

ಇಲ್ಲಿಂದ ನಿಮ್ಮ ಎರಡನೇ ಚಿಂತೆ, ದಿನಾ ಬರುವ ಸುದ್ದಿ. ಈ ವಾರದ ಸುದ್ದಿಯನ್ನು ಪಕ್ಕಕ್ಕಿಡಿ. ಹೆಲ್ಮೆಟ್ ದಿನಗಳಲ್ಲಿ ಯಾರೂ ಯಾರನ್ನೂ ಕೆಡವುವುದಿಲ್ಲ. ಆದ್ದರಿಂದ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್, ಓಡಿ ಹಿಡಿಯುವ ರಿಸೀವರ್ ಇಬ್ಬರೂ ಚೆನ್ನಾಗಿ ಕಾಣುತ್ತಾರೆ. ಎದುರಿಗೆ ಹೊಡೆಯುವವರು ಇಲ್ಲದಾಗ ಎಸೆತ ಚೆಂದವಾಗಿಯೇ ಇರುತ್ತದೆ. ಸಾಲಿನಲ್ಲಿ ನಿಂತು ತಳ್ಳಾಡುವ ದೊಡ್ಡ ಹುಡುಗರ ಬಗ್ಗೆ ಈ ದಿನಗಳಲ್ಲಿ ಏನೂ ತಿಳಿಯುವುದಿಲ್ಲ. ಗರಡಿಯಲ್ಲಿ ಸಾಮು ಮಾಡುವಾಗ ಎಲ್ಲರೂ ಪೈಲ್ವಾನರೇ, ಅಖಾಡದ ಮಣ್ಣಿಗೆ ಇಳಿದಾಗ ತಾನೇ ಗೊತ್ತಾಗುವುದು. ಪತ್ರಕರ್ತರನ್ನೂ ಸಾಮಾನ್ಯವಾಗಿ ಮೊದಲ ಸ್ವಲ್ಪ ಹೊತ್ತು ಮಾತ್ರ ಒಳಗೆ ಬಿಡುತ್ತಾರೆ. ಅವರು ನೋಡುವುದು ಮೈ ಸಡಿಲಿಸುವ ಭಾಗ, ಕೆಲವು ಡ್ರಿಲ್, ಅಷ್ಟೆ. ಅದರಲ್ಲಿ ಸ್ನ್ಯಾಪರ್ ಬಗ್ಗೆ ಬರೆಯುವವರು ಯಾರು? ಸ್ನ್ಯಾಪರ್ ಹೆಸರು ಸುದ್ದಿಯಲ್ಲಿ ಬಂದರೆ ಅವನು ತಪ್ಪು ಮಾಡಿದ್ದಾನೆ ಎಂದೇ ಅರ್ಥ. ನಿಮ್ಮ ಮಗನ ಹೆಸರು ಎಲ್ಲೂ ಇಲ್ಲದಿರುವುದು ನನಗೆ ಒಳ್ಳೆಯ ಸುದ್ದಿ.

ನಂಬರ್ ವಿಷಯಕ್ಕೆ ಒಂದೇ ಮಾತು. ಕಾಲೇಜು ಫುಟ್‌ಬಾಲ್‌ನಲ್ಲಿ ಒಂದೇ ನಂಬರನ್ನು ಇಬ್ಬರಿಗೆ ಕೊಡಬಹುದು, ಇಬ್ಬರೂ ಒಟ್ಟಿಗೆ ಮೈದಾನದಲ್ಲಿ ಇರಬಾರದು ಅಷ್ಟೆ. ನೂರಕ್ಕಿಂತ ಜಾಸ್ತಿ ಹುಡುಗರಿದ್ದಾರೆ, ನಂಬರ್ 99ಕ್ಕೆ ಮುಗಿಯುತ್ತದೆ. ಅದರಿಂದ ಏನೂ ಊಹಿಸಬೇಡಿ.

ಈಗ 105ರ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅಪ್ಪ ಅಮ್ಮಂದಿರು ಹೆಚ್ಚು ತಪ್ಪು ತಿಳಿದುಕೊಳ್ಳುವುದು ಇಲ್ಲೇ. ಮೊದಲು ದೊಡ್ಡ ಕಾಲೇಜು ತಂಡಗಳಿಗೆ ಸ್ಕಾಲರ್‌ಶಿಪ್ ಮೇಲೆ ಮಿತಿ ಇತ್ತು, 85. ವಾಕ್-ಆನ್ ಎಷ್ಟು ಜನ ಬೇಕಾದರೂ ಇರಬಹುದಿತ್ತು. 120 ದಾಟಿದ ತಂಡಗಳೂ ಇದ್ದವು. 2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲೌಡಿಯಾ ವಿಲ್ಕನ್, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟರು. ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಎಂದಾಯಿತು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ 2.05 ಕೋಟಿ ಡಾಲರ್ ತನಕ. ಅದರ ಜೊತೆಗೆ ಸ್ಕಾಲರ್‌ಶಿಪ್ ಮಿತಿ ಹೋಗಿ ತಲೆ ಲೆಕ್ಕದ ಮಿತಿ ಬಂತು. ಫುಟ್‌ಬಾಲ್‌ಗೆ 105. ಈ ರಾಜಿಗೆ ಸೇರಿದ ಕಾಲೇಜುಗಳಿಗೆಲ್ಲ ಅದು ಅನ್ವಯ. ದುಡ್ಡು ಬಂದದ್ದು ಕೆಲವರಿಗೆ, ಜಾಗ ಹೋದದ್ದು ವಾಕ್-ಆನ್ ಹುಡುಗರಿಗೆ. ನನಗೆ ಇದರ ಬಗ್ಗೆ ಇವತ್ತಿಗೂ ಬೇಜಾರಿದೆ. ಫುಟ್‌ಬಾಲ್ ತಂಡದ ಬೆನ್ನೆಲುಬು ಈ ಹುಡುಗರು. ಇಡೀ ವಾರ ಎದುರಾಳಿ ತಂಡದ ಹಾಗೆ ಆಡಿ ತೋರಿಸುವವರು ಅವರೇ, ಏಟು ತಿನ್ನುವವರು ಅವರೇ.

ಆದರೆ ನಿಮಗೆ ಗೊತ್ತಿರಬೇಕಾದ ಎರಡು ವಿಷಯ ಇದರಲ್ಲಿದೆ. ಮೊದಲನೆಯದು, ಫುಟ್‌ಬಾಲ್‌ಗೆ ಈ 105ರ ಮಿತಿ ಅನ್ವಯವಾಗುವುದು ಮೊದಲ ಪಂದ್ಯದ ದಿನದಿಂದ. ಆಗಸ್ಟ್ ಪ್ರಾಕ್ಟೀಸಿನಲ್ಲಿ ಅದಕ್ಕಿಂತ ಜಾಸ್ತಿ ಜನ ಇರಬಹುದು. ಹಾಗಾಗಿ ಈಗ ತಂಡದಲ್ಲಿ ಇದ್ದಾನೆ ಎಂದರೆ ಉಳಿದ ಎಂದಲ್ಲ. ಈಗ ಹೆಸರು ಮೇಲೆ ಕೆಳಗೆ ಆಗುತ್ತಿದೆ ಎಂದರೆ ಹೋದ ಎಂದೂ ಅಲ್ಲ. ತೀರ್ಮಾನ ಸಾಮಾನ್ಯವಾಗಿ ಎರಡನೇ ಸ್ಕ್ರಿಮೇಜ್ ಮುಗಿದ ಮೇಲೆ ಆಗುತ್ತದೆ.

ಎರಡನೆಯದು ನಿಮ್ಮ ಮಗನಿಗೆ ನೇರವಾಗಿ ಸಂಬಂಧಿಸಿದ್ದು. ಇದನ್ನು ಅವನು ನಿಮಗೆ ಹೇಳಿಲ್ಲ, ಬಹುಶಃ ಅವನಿಗೇ ಗೊತ್ತಿಲ್ಲ. ಆ ರಾಜಿಗೆ ಒಪ್ಪಿಗೆ ಏಪ್ರಿಲ್‌ನಲ್ಲೇ ಸಿಗಬೇಕಿತ್ತು. ಈಗಾಗಲೇ ತಂಡದಲ್ಲಿರುವ ಹುಡುಗರ ಜಾಗ ಒಮ್ಮೆಗೇ ಕಿತ್ತುಕೊಳ್ಳುವುದು ಸರಿಯಲ್ಲ ಎಂದು ನ್ಯಾಯಾಧೀಶೆ ಹಟ ಹಿಡಿದರು. ಅದಕ್ಕಾಗಿಯೇ ಒಪ್ಪಿಗೆ ತಡವಾಯಿತು. ಕೊನೆಗೆ ಒಂದು ದಾರಿ ಮಾಡಿದರು. 2024-25ರಲ್ಲಿ ತಂಡದಲ್ಲಿದ್ದು, ಈ ಮಿತಿಯ ಕಾರಣಕ್ಕೆ ಜಾಗ ಕಳೆದುಕೊಂಡ ಅಥವಾ ಕಳೆದುಕೊಳ್ಳಲಿದ್ದ ಹುಡುಗರ ಪಟ್ಟಿಯನ್ನು ಕಾಲೇಜುಗಳು ಕೊಡಬೇಕಾಯಿತು. ಆ ಪಟ್ಟಿಯಲ್ಲಿ ಇರುವವನನ್ನು ಡೆಸಿಗ್ನೇಟೆಡ್ ಸ್ಟೂಡೆಂಟ್ ಅಥ್ಲೀಟ್ ಎನ್ನುತ್ತಾರೆ. ಅವನು 105ರ ಲೆಕ್ಕಕ್ಕೆ ಬರುವುದಿಲ್ಲ. ಅವನಿಗೆ ಆಡುವ ವರ್ಷಗಳು ಉಳಿದಿರುವ ತನಕ ಬರುವುದಿಲ್ಲ, ಬೇರೆ ಕಾಲೇಜಿಗೆ ಹೋದರೂ ಬರುವುದಿಲ್ಲ. ನಿಮ್ಮ ಮಗ 2024ರಲ್ಲಿ ತಂಡದಲ್ಲಿದ್ದ. ಅವನ ಹೆಸರು ಆ ಪಟ್ಟಿಯಲ್ಲಿ ಇರುವ ಸಾಧ್ಯತೆ ಇದೆ. ಇದ್ದರೆ ನಿಮ್ಮ ಅರ್ಧ ಚಿಂತೆ ಹೋಯಿತು. ಹಾಗಂತ ಅವನನ್ನು ಇಟ್ಟುಕೊಳ್ಳಲೇಬೇಕು ಎಂದೇನೂ ಇಲ್ಲ, ಕೋಚ್ ಇಷ್ಟ. ಆದರೆ ಅವನನ್ನು ಇಟ್ಟುಕೊಂಡರೆ ತಂಡಕ್ಕೆ ಒಂದು ಜಾಗವೂ ಖರ್ಚಾಗುವುದಿಲ್ಲ. ಕೋಚ್ ಜಾಗಗಳನ್ನು ಎಣಿಸುವಾಗ ಅದು ದೊಡ್ಡ ಮಾತು. ಇದನ್ನು ಅವನು ಕೋಚ್ ಹತ್ತಿರ ಕೇಳಬಾರದು. ಕಾಲೇಜಿನ ಕ್ರೀಡಾ ವಿಭಾಗದಲ್ಲಿ ನಿಯಮಗಳ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸ್ ಎಂದು ಇರುತ್ತದೆ. ಅಲ್ಲಿಗೆ ಅವನೇ ಹೋಗಿ, "2025ರ ಪಟ್ಟಿಯಲ್ಲಿ ನನ್ನ ಹೆಸರು ಇತ್ತಾ?" ಎಂದು ಕೇಳಲಿ. ನೇರ ಉತ್ತರ ಸಿಗುತ್ತದೆ.

ಪಟ್ಟಿಯಲ್ಲಿ ಇಲ್ಲದಿದ್ದರೆ? ಆಗ ಲೆಕ್ಕ ಹೀಗೆ. ಆಕ್ರಮಣಕ್ಕೆ 11, ರಕ್ಷಣೆಗೆ 11, ಒಟ್ಟು 22 ಜಾಗ. ಒಂದೊಂದಕ್ಕೆ ನಾಲ್ಕು ಜನ ಇಟ್ಟರೆ 88. ಉಳಿಯುವುದು 17. ಅದರಲ್ಲಿ ಗೋಲಿಗೆ ಒದೆಯುವವರು, ಪಂಟರ್‌ಗಳು (ಚೆಂಡನ್ನು ಕೈಯಿಂದ ಬಿಟ್ಟು ದೂರಕ್ಕೆ ಒದೆಯುವವರು, ಆ ಒದೆತವೇ ಪಂಟ್), ಸ್ನ್ಯಾಪರ್‌ಗಳು, ಮತ್ತೆ ಗಾಯವಾದವರಿಗೆ ಬದಲಿ. ಸ್ನ್ಯಾಪರ್ ಒಬ್ಬನೇ ಇದ್ದು ಅವನ ಬೆರಳು ಮುರಿದರೆ ತಂಡ ಪಂಟ್ ಮಾಡುವುದಕ್ಕೂ ಹೆದರಬೇಕಾಗುತ್ತದೆ. ಅದಕ್ಕೆ ತಂಡಗಳು ಕನಿಷ್ಠ ಇಬ್ಬರನ್ನು ಇಟ್ಟುಕೊಳ್ಳಲು ನೋಡುತ್ತವೆ. ಮೂರನೆಯವನಿಗೆ ಕಷ್ಟ. ಆದ್ದರಿಂದ ಹೊಸ ಸ್ನ್ಯಾಪರ್ ಬಂದದ್ದರಿಂದ ಮಗ ಎರಡನೆಯವನಾದನಾ, ಮೂರನೆಯವನಾದನಾ ಎನ್ನುವುದೇ ನೀವು ತಿಳಿದುಕೊಳ್ಳಬೇಕಾದದ್ದು.

ಈ ಕೆಲಸ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಲಾಂಗ್ ಸ್ನ್ಯಾಪರ್ ಬಗ್ಗಿ ನಿಂತು, ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಪಂಟ್ ಆದರೆ ಸುಮಾರು 15 ಗಜ, ಗೋಲಿಗೆ ಒದೆಯುವಾಗ 7 ಅಥವಾ 8 ಗಜ. ಪಂಟ್‌ಗೆ ಚೆಂಡು ಮುಕ್ಕಾಲು ಸೆಕೆಂಡಿನೊಳಗೆ ಪಂಟರ್ ಕೈ ಸೇರಬೇಕು. ಅದೂ ಸೊಂಟದ ಮಟ್ಟದಲ್ಲೇ, ಪ್ರತಿ ಸಲವೂ. ಎಸೆದ ಮರುಗಳಿಗೆಯಲ್ಲಿ ತಲೆ ಎತ್ತಿ ನುಗ್ಗಿ ಬರುವವನನ್ನು ತಡೆಯಬೇಕು, ಆಮೇಲೆ ಓಡಿ ಹೋಗಿ ಟ್ಯಾಕಲ್ ಮಾಡಬೇಕು. ಆಗಸ್ಟ್‌ನಲ್ಲಿ ಕೋಚ್‌ಗಳು ಈ ಕೊನೆಯ ಎರಡು ಕೆಲಸವನ್ನೇ ನೋಡುತ್ತಾರೆ. ಸುಮ್ಮನೆ ನಿಂತು ಎಸೆಯುವುದು ಎಲ್ಲ ಸ್ನ್ಯಾಪರ್‌ಗಳಿಗೂ ಬರುತ್ತದೆ. ದಣಿದಾಗ, ಕೈ ಬೆವರಿ ಜಾರುವಾಗ, ಎದುರಿಗೆ 130 ಕಿಲೋ ಹುಡುಗ ನಿಂತಾಗ ಎಸೆಯುವುದು ಬೇರೆ. ಪ್ಯಾಡ್ ಹಾಕುವ ತನಕ ಅದು ಯಾರಿಗೂ ಗೊತ್ತಾಗುವುದಿಲ್ಲ. ಕೋಚ್‌ಗೂ ಗೊತ್ತಾಗುವುದಿಲ್ಲ.

ಬೇರೆ ಕಾಲೇಜಿನಿಂದ ಬಂದವನು ಎಂದ ಕೂಡಲೇ ಅವನೇ ಗೆಲ್ಲುತ್ತಾನೆ ಎಂದುಕೊಳ್ಳಬೇಡಿ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿ, ಬಂದ ಮೇಲೆ, ಅದರಲ್ಲೂ 2021ರಿಂದ ಒಂದು ವರ್ಷ ಕೂರದೆ ಆಡಬಹುದು ಎಂದಾದ ಮೇಲೆ, ತಂಡಗಳು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿದ ಹಾಗೆ ಆಗಿವೆ. 2022ರ ಡಿಸೆಂಬರ್‌ನಲ್ಲಿ ಕೊಲರಾಡೊಗೆ ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿ ಬಂದ ಮೇಲೆ, 2023ರ ಋತುವಿಗೆ ಮೊದಲು, 50ಕ್ಕಿಂತ ಜಾಸ್ತಿ ಸ್ಕಾಲರ್‌ಶಿಪ್ ಹುಡುಗರು ಬಿಟ್ಟು ಹೋದರು. ಮೊದಲ ಪಂದ್ಯದಲ್ಲಿ ಟಿಸಿಯು ತಂಡವನ್ನು 45-42ರಿಂದ ಸೋಲಿಸಿದಾಗ ದೇಶವೇ ಬೆರಗಾಯಿತು. ಋತು ಮುಗಿದಾಗ 4 ಗೆಲುವು, 8 ಸೋಲು. ಮರುವರ್ಷ ಇಂಡಿಯಾನಾದಲ್ಲಿ ಕರ್ಟ್ ಸಿಗ್ನೆಟ್ಟಿ ಕೂಡ ತುಂಬ ಹೊಸಬರನ್ನು ತಂದರು. ಆದರೆ ಅವರಲ್ಲಿ 13 ಜನ ಅವರ ಹಳೆಯ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದಲೇ ಬಂದವರು, ಆ ಕೋಚ್ ಮಾತು, ಆ ಕೋಚ್ ಪ್ರಾಕ್ಟೀಸ್ ಅರಿತವರು. 3-9 ಇದ್ದ ತಂಡ 11-2 ಆಯಿತು. ಆಗಸ್ಟ್ ಇರುವುದು ಇದಕ್ಕೇ ಎಂದು ನಾನು ನಂಬಿದ್ದೇನೆ. ಒಬ್ಬರ ದನಿ ಇನ್ನೊಬ್ಬರಿಗೆ ಕಿವಿ ಮೇಲೆ ಬಿದ್ದ ಕೂಡಲೇ ಗುರುತಾಗಬೇಕು. ನಿಮ್ಮ ಮಗನಿಗೆ ಆ ಪಂಟರ್ ಕೈ ಎರಡು ವರ್ಷದಿಂದ ಗೊತ್ತು. ಹೊಸಬನಿಗೆ ಅದು ಏಳು ತಿಂಗಳಿಂದ ಗೊತ್ತು. ಸಣ್ಣ ವ್ಯತ್ಯಾಸ, ಆದರೆ ಇದೆ.

ಜೋಯಿ ಅಗಿಲಾರ್ ಕತೆ ಮಗನಿಗೆ ಗೊತ್ತಿರುತ್ತದೆ, ನಿಮಗಾಗಿ ಹೇಳುತ್ತೇನೆ. ಕ್ವಾರ್ಟರ್‌ಬ್ಯಾಕ್. ಅಪಲಾಚಿಯನ್ ಸ್ಟೇಟ್ ಬಿಟ್ಟು ಯುಸಿಎಲ್‌ಎ ಸೇರಿದ, 2025ರ ವಸಂತದ ಪ್ರಾಕ್ಟೀಸ್ ಅಲ್ಲೇ ಮಾಡಿದ. ಏಪ್ರಿಲ್‌ನಲ್ಲಿ ಟೆನೆಸಿ ತಂಡದ ಕ್ವಾರ್ಟರ್‌ಬ್ಯಾಕ್ ನಿಕೊ ಇಯಾಮಲೇಯವಾ ತಂಡ ಬಿಟ್ಟು ಯುಸಿಎಲ್‌ಎಗೆ ಬಂದ. ಅಗಿಲಾರ್ ಜಾಗ ಹೋಯಿತು. ಅವನು ಟೆನೆಸಿಗೆ ಹೋದ. ಅಲ್ಲಿ ಅವನಿಗೆ ಯಾರೂ ಜಾಗ ಇಟ್ಟಿರಲಿಲ್ಲ, ಮೊದಲೇ ಇಬ್ಬರು ಹುಡುಗರು ಕಾಯುತ್ತಿದ್ದರು. ಆಗಸ್ಟ್ ಪೂರ್ತಿ ಮೂವರೂ ಸ್ಪರ್ಧೆಯಲ್ಲಿದ್ದರು. ಹೆಲ್ಮೆಟ್ ದಿನಗಳಲ್ಲಿ ಕೋಚ್ ಜೋಶ್ ಹೈಪಲ್ ಯಾರ ಹೆಸರೂ ಹೇಳಲಿಲ್ಲ. ಆಗಸ್ಟ್ ಮಧ್ಯದಲ್ಲಿ ಅಗಿಲಾರ್ ಹೆಸರು ಹೇಳಿದರು. ಮೊದಲ ಪಂದ್ಯದಲ್ಲಿ ಅಟ್ಲಾಂಟಾದಲ್ಲಿ ಸಿರಕ್ಯೂಸ್ ವಿರುದ್ಧ 45-26ರಿಂದ ಗೆದ್ದರು. ಯುಸಿಎಲ್‌ಎ ಆ ವರ್ಷ 3-9. ಈಗ ಏಪ್ರಿಲ್‌ನ ಆ ಬಾಗಿಲು ಮುಚ್ಚಿದೆ, 2026ರಿಂದ ಪೋರ್ಟಲ್ ತೆರೆಯುವುದು ಜನವರಿಯಲ್ಲಿ ಮಾತ್ರ. ಆದ್ದರಿಂದ ಸಿಟ್ಟಿನಲ್ಲಿ ಆಗಸ್ಟ್‌ನಲ್ಲಿ ತಂಡ ಬಿಡುವ ಮಾತನ್ನು ಮಗ ಆಡಿದರೆ ತಡೆಯಿರಿ. ಈ ಋತುವಿಗೆ ಬೇರೆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ.

ಒಂದು ವೇಳೆ ತೆಗೆದರೆ ಏನು? ಅವನು ಸ್ಕಾಲರ್‌ಶಿಪ್ ಕಳೆದುಕೊಳ್ಳುವುದಿಲ್ಲ, ಏಕೆಂದರೆ ಇಲ್ಲವೇ ಇಲ್ಲ. ಓದು ಹಾಗೇ ಇರುತ್ತದೆ. ಉಳಿದರೆ ಮಾತ್ರ ಹೊಸ ನಿಯಮದಿಂದ ಒಂದು ಒಳ್ಳೆಯದಿದೆ. 85ರ ಮಿತಿ ಹೋಗಿದೆ, ಕಾಲೇಜು ಮನಸ್ಸು ಮಾಡಿದರೆ 105 ಜನರಲ್ಲಿ ಯಾರಿಗೆ ಬೇಕಾದರೂ ಸ್ಕಾಲರ್‌ಶಿಪ್ ಕೊಡಬಹುದು. ನಿಮ್ಮ ರಾಜ್ಯದ ಸ್ಟೆಟ್ಸನ್ ಬೆನೆಟ್ ಜಾರ್ಜಿಯಾ ತಂಡಕ್ಕೆ ವಾಕ್-ಆನ್ ಆಗಿ ಬಂದು, ಬಿಟ್ಟು ಹೋಗಿ, ಮತ್ತೆ ಬಂದು, 2021 ಮತ್ತು 2022ರ ಋತುಗಳಲ್ಲಿ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ. ಎಲ್ಲರಿಗೂ ಹಾಗಾಗುವುದಿಲ್ಲ, ಆ ಆಸೆಯನ್ನು ನಾನು ಹುಟ್ಟಿಸುವುದಿಲ್ಲ. ಆದರೆ ವಾಕ್-ಆನ್ ಎಂದರೆ ಎರಡನೇ ದರ್ಜೆ ಅಲ್ಲ ಎನ್ನುವುದನ್ನು ಮಗ ನಿಮ್ಮ ಬಾಯಿಂದ ಕೇಳಬೇಕು.

ನೀವು ಮಾಡಬೇಕಾದದ್ದು ಇಷ್ಟು. ಕೋಚ್‌ಗೆ ಫೋನ್ ಮಾಡಬೇಡಿ. ಅಥ್ಲೆಟಿಕ್ ಟ್ರೈನರ್‌ಗೆ ಮಾಡಬಹುದು, ಆದರೆ ನಿಮ್ಮ ಮಗನಿಗೆ 18 ದಾಟಿದೆ, ಅವನು ಸಹಿ ಮಾಡಿ ಒಪ್ಪದೆ ನಾವು ಏನೂ ಹೇಳುವ ಹಾಗಿಲ್ಲ. ಆ ಫಾರಂಗೆ ಸಹಿ ಮಾಡಲು ಮಗನಿಗೆ ಹೇಳಿ. ತಾಯಿ ಏನಾದರೂ ಕಳಿಸಬೇಕು ಎಂದರೆ ಉಪ್ಪಿನಕಾಯಿ ಕಳಿಸಲಿ. ಈ ವಾರ ಉಪ್ಪು ಜಾಸ್ತಿ ತಿನ್ನಲಿ, ಸಿಕ್ಕರೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಲಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ. ಪ್ರಾಕ್ಟೀಸಿನಲ್ಲಿ ಒಂದು ಕಿಲೋ ತೂಕ ಇಳಿದರೆ ಮುಂದಿನ ಪ್ರಾಕ್ಟೀಸಿನೊಳಗೆ ಒಂದೂಕಾಲರಿಂದ ಒಂದೂವರೆ ಲೀಟರ್ ವಾಪಸ್ ಹೋಗಬೇಕು, ಒಮ್ಮೆಗೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಮೂತ್ರ ಗಾಢ ಹಳದಿ ಇದ್ದರೆ ಸಾಲಲಿಲ್ಲ ಎಂದರ್ಥ.

ಇವತ್ತು ರಾತ್ರಿ ಫೋನ್ ಮಾಡಿದಾಗ "ಕೋಚ್ ಏನಂದ್ರು" ಎಂದು ಶುರು ಮಾಡಬೇಡಿ. ದಿನಾ ಆ ಪ್ರಶ್ನೆ ಕೇಳಿಸಿಕೊಂಡ ಹುಡುಗನೇ ವಾಂತಿಯಾದದ್ದನ್ನು ಮುಚ್ಚಿಡುವುದು. ಬೆಳಿಗ್ಗೆ ತೂಕ ಎಷ್ಟಿತ್ತು, ಪ್ರಾಕ್ಟೀಸ್ ಮುಗಿದ ಮೇಲೆ ಎಷ್ಟಿತ್ತು, ರಾತ್ರಿ ನಿದ್ದೆ ಬಂತಾ, ಇಷ್ಟು ಕೇಳಿ. ಹುಷಾರಿಲ್ಲದ ದಿನ ಹೇಳಿ ಕೂತರೆ ಮನೆಯಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ರಾಸ್ಟರ್ ಬಗ್ಗೆ ಮೊದಲ ಸ್ಕ್ರಿಮೇಜ್ ಆಗುವ ತನಕ ಮಾತೇ ಎತ್ತಬೇಡಿ. ಅದು ಮುಗಿದ ಸಂಜೆ ಒಂದೇ ಪ್ರಶ್ನೆ ಸಾಕು: ಪಂಟ್‌ಗೆ ಎರಡನೇ ಗುಂಪಿನ ಜೊತೆ ಸ್ನ್ಯಾಪ್ ಮಾಡಿದ್ದು ಯಾರು? ಅವನು "ನಾನು" ಎಂದರೆ ನನಗೆ ಎರಡು ಸಾಲು ಬರೆಯಿರಿ. "ನಾನಲ್ಲ" ಎಂದರೂ ಬರೆಯಿರಿ.